ಐದು ಡಾಲರಿನ ಮಸೂರ: ಕಠ್ಮಂಡುವಿನ ತಿಲಗಂಗಾ ಪ್ರಕರಣ

ಪೊರೆ ತೆಗೆಸಿಕೊಂಡು ಬಂದ ಮೇಲೂ ನಮ್ಮಜ್ಜಿ ಕಾಫಿಯನ್ನು ಲೋಟದ ಪಕ್ಕಕ್ಕೇ ಬಗ್ಗಿಸುತ್ತಿದ್ದಳು. ಊರಿನ ಹೈಸ್ಕೂಲಿನಲ್ಲಿ ನಡೆದ ಕಣ್ಣಿನ ಕ್ಯಾಂಪಿನಲ್ಲಿ ಆಪರೇಶನ್ ಆಗಿತ್ತು. ಒಂದೂವರೆ ತಿಂಗಳಾದ ಮೇಲೆ ಸೋಡಾಬುಡ್ಡಿ ಕನ್ನಡಕ ಬಂತು. ಅದನ್ನು ಹಾಕಿಕೊಂಡರೆ ಅವಳ ಕಣ್ಣು ನಮಗೆ ಗೂಬೆ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು, ನಾವು ಹುಡುಗರು ಮುಸಿಮುಸಿ ನಗುತ್ತಿದ್ದೆವು. ಅವಳಿಗೆ ನಾವೂ ಅಷ್ಟೇ ದೊಡ್ಡದಾಗಿ ಕಾಣುತ್ತಿದ್ದೆವು ಅನ್ನುವುದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಹೊಸ್ತಿಲು ಇರುವುದಕ್ಕಿಂತ ಹತ್ತಿರ ಕಾಣುತ್ತದೆ, ಅದಕ್ಕೇ ಒಂದು ಹೆಜ್ಜೆ ಮುಂಚೆಯೇ ಕಾಲೆತ್ತುತ್ತಿದ್ದಳು. ಪಕ್ಕದಿಂದ ಬರುವ ಎಮ್ಮೆ ಕಾಣುವುದೇ ಇಲ್ಲ, ಇದ್ದಕ್ಕಿದ್ದಂತೆ ಮೂಗಿನ ಮುಂದೆ ಎದ್ದು ನಿಂತಿರುತ್ತದೆ. ಒಂದು ದಿನ ಕನ್ನಡಕ ಬಾವಿಕಟ್ಟೆಯ ಮೇಲಿಂದ ಬಿದ್ದು ಒಡೆಯಿತು. ಹೊಸದು ಮಾಡಿಸಲು ತಾಲ್ಲೂಕಿಗೆ ಯಾರಾದರೂ ಕರೆದುಕೊಂಡು ಹೋಗಬೇಕಿತ್ತು. ಸುಗ್ಗಿಯ ಕಾಲ, ಯಾರಿಗೂ ಪುರಸೊತ್ತಿಲ್ಲ. ಎರಡು ತಿಂಗಳು ಅಜ್ಜಿ ಮತ್ತೆ ಗೋಡೆ ಹಿಡಿದೇ ನಡೆದಳು.

ಆ ಆಪರೇಶನ್ನು ಯಾರ ಲೆಕ್ಕದಲ್ಲಿ ನೋಡಿದರೂ ಯಶಸ್ವಿಯೇ. ಕಣ್ಣಿಗೆ ಕೀವಾಗಲಿಲ್ಲ, ಗಾಯ ಒಣಗಿತು, ಕ್ಯಾಂಪಿನ ಪಟ್ಟಿಯಲ್ಲಿ ಒಂದು ಅಂಕಿ ಹೆಚ್ಚಾಯಿತು. ನಾನು ಇಲ್ಲಿ ಹೇಳಹೊರಟಿರುವುದು ನೇಪಾಳದ ಒಂದು ಆಸ್ಪತ್ರೆ ಮತ್ತು ಅದಕ್ಕೆ ಬೆನ್ನು ಕೊಟ್ಟ ಆಸ್ಟ್ರೇಲಿಯಾದ ಒಂದು ದತ್ತಿಸಂಸ್ಥೆಯ ಪ್ರಕರಣವನ್ನು. ಆದರೆ ಅವರು ಯಾವುದರ ಮೇಲೆ ಸಿಟ್ಟಾಗಿದ್ದರು ಅನ್ನುವುದು ಅರ್ಥವಾಗಬೇಕಾದರೆ ಲೋಟದ ಪಕ್ಕಕ್ಕೆ ಬಿದ್ದ ಕಾಫಿಯಿಂದಲೇ ಶುರುಮಾಡಬೇಕು.

ನಮ್ಮ ಕಣ್ಣಿನೊಳಗೆ ಹುಟ್ಟಿನಿಂದಲೇ ಒಂದು ಮಸೂರ ಇರುತ್ತದೆ. ವಯಸ್ಸಾದಂತೆ ಅದು ಮಸುಕಾಗುವುದನ್ನೇ ಪೊರೆ ಬಂತು ಅನ್ನುವುದು. ಹಳೆಯ ವಿಧಾನದಲ್ಲಿ ಆ ಮಸೂರವನ್ನು ಅದರ ಚೀಲದ ಸಮೇತ ಹೊರಗೆಳೆದು ಬಿಸಾಡುತ್ತಿದ್ದರು. ಮಸುಕು ಹೋಯಿತು ಸರಿ, ಬೆಳಕನ್ನು ಒಂದೆಡೆ ಕೂಡಿಸುವ ವಸ್ತುವೂ ಅದರ ಜೊತೆಗೇ ಹೋಯಿತು. ಆ ಕೊರತೆ ತುಂಬಲು ಸುಮಾರು 10 ಡಯಾಪ್ಟರಿನ (ಡಯಾಪ್ಟರ್ ಅಂದರೆ ಕನ್ನಡಕದ ಪವರ್ ಅಳೆಯುವ ಮಾನ) ದಪ್ಪ ಕನ್ನಡಕ ಬೇಕು. ಅದು ಎಲ್ಲವನ್ನೂ ಕಾಲುಭಾಗದಷ್ಟು ಹಿಗ್ಗಿಸಿ ತೋರಿಸುತ್ತದೆ, ಗಾಜಿನ ಅಂಚಿನ ಸುತ್ತ ಉಂಗುರದಂಥ ಕುರುಡು ಜಾಗ ಬಿಡುತ್ತದೆ. ಇನ್ನೂ ಒಂದು ಪೇಚಿದೆ. ಒಂದೇ ಕಣ್ಣಿಗೆ ಆಪರೇಶನ್ ಆಗಿ ಇನ್ನೊಂದು ಸ್ವಲ್ಪ ಕಾಣುತ್ತಿದ್ದರೆ ಎರಡು ಕಣ್ಣಿನ ಚಿತ್ರಗಳು ಬೇರೆ ಬೇರೆ ಅಳತೆಯವು, ಮಿದುಳು ಅವನ್ನು ಕೂಡಿಸಲಾರದು. ಹಾಗಾಗಿ ಎರಡೂ ಕಣ್ಣು ಪೂರ್ತಿ ಹೋಗುವವರೆಗೆ ಕಾಯಿಸುತ್ತಿದ್ದರು. ‘ಪೊರೆ ಇನ್ನೂ ಬಲಿತಿಲ್ಲ, ಬಲಿಯಲಿ’ ಎಂದು ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಹೇಳುತ್ತಾರಲ್ಲ, ಆ ಮಾತಿನ ಮೂಲ ಇಂಥ ಲೆಕ್ಕಾಚಾರಗಳಲ್ಲೇ ಇದೆ.

ಇದಕ್ಕೆ ಪರಿಹಾರ 1949ರಲ್ಲೇ ಸಿಕ್ಕಿತ್ತು. ಎರಡನೇ ಮಹಾಯುದ್ಧದಲ್ಲಿ ವಿಮಾನದ ಮುಚ್ಚಳದ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕಿದ್ದವು. ಅವು ವರ್ಷಗಟ್ಟಲೆ ಅಲ್ಲೇ ಇದ್ದರೂ ಕಣ್ಣು ಕೆರಳಿರಲಿಲ್ಲ. ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ ಇದನ್ನು ಗಮನಿಸಿದ, ಅದೇ ಜಾತಿಯ ಪ್ಲಾಸ್ಟಿಕ್ಕಿನಿಂದ ಕೃತಕ ಮಸೂರ ಮಾಡಿಸಿ ಕಣ್ಣಿನೊಳಗೇ ಕೂರಿಸಿದ. ವೈದ್ಯಲೋಕ ಮೊದಮೊದಲು ಅವನನ್ನು ಹೀಗಳೆಯಿತು, ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಶ್ರೀಮಂತ ದೇಶಗಳಲ್ಲಿ ಅದೇ ರೂಢಿಯಾಯಿತು. ಬಡದೇಶಗಳಿಗೆ ಮಾತ್ರ ಕನ್ನಡಕವೇ ಗತಿ. 1980ರ ದಶಕದಲ್ಲಿ ಒಂದು ಮಸೂರಕ್ಕೆ ನೂರು ಡಾಲರಿಗೂ ಹೆಚ್ಚು ಬೆಲೆ. ನೇಪಾಳದಲ್ಲಿ ಒಬ್ಬ ಮನುಷ್ಯನ ಸರಾಸರಿ ವರಮಾನ ಇಡೀ ವರ್ಷಕ್ಕೆ 200 ಡಾಲರಿನ ಆಸುಪಾಸು.

ನಮ್ಮ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಲಕ್ಷಾಂತರ ಜನರಿಗೆ ಶಸ್ತ್ರಚಿಕಿತ್ಸೆ ಮಾಡಿದ ಕಾಲವೂ ಈ ಕನ್ನಡಕದ ಕಾಲವೇ. ಅವರನ್ನು ಇಲ್ಲಿ ನೆನೆಯುವುದು ತೂಗಿ ನೋಡಲಿಕ್ಕಲ್ಲ. ಶಾಲೆಯ ಜಗಲಿಯ ಮೇಲೆ, ದೇವಸ್ಥಾನದ ಛತ್ರದಲ್ಲಿ ಒಂದೇ ದಿನ ನೂರಾರು ಕಣ್ಣಿಗೆ ಕೈ ಹಾಕಬಹುದು ಅನ್ನುವುದನ್ನು ಅವರಂಥವರು ಆಗಲೇ ತೋರಿಸಿಬಿಟ್ಟಿದ್ದರು. ಉಳಿದಿದ್ದ ಪ್ರಶ್ನೆ, ಒಳಗೆ ಏನನ್ನು ಇಟ್ಟು ಕಳಿಸುವುದು ಎಂಬುದು.

ಇಬ್ಬರು ಭೇಟಿಯಾದದ್ದು

ನೇಪಾಳದಲ್ಲಿ 1980–81ರಲ್ಲಿ ದೇಶವ್ಯಾಪಿ ಅಂಧತ್ವ ಸಮೀಕ್ಷೆ ನಡೆಯಿತು. ಜನಸಂಖ್ಯೆಯ ಶೇ 0.84ರಷ್ಟು ಮಂದಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ, ಅವರಲ್ಲಿ ಸುಮಾರು ಮೂರನೇ ಎರಡರಷ್ಟು ಜನರ ಕುರುಡಿಗೆ ಪೊರೆಯೇ ಕಾರಣ. ಬೆಟ್ಟದ ಊರುಗಳಲ್ಲಿ ಕಣ್ಣು ಹೋದ ಮುದುಕ ಮುದುಕಿಯರು ಒಲೆಯ ಪಕ್ಕದ ಮೂಲೆಯಲ್ಲಿ ಕೂತು ದಿನ ಕಳೆಯುತ್ತಿದ್ದರು. ಕಡಿದಾದ ಮೆಟ್ಟಿಲುದಾರಿಯಲ್ಲಿ ಸೋಡಾಬುಡ್ಡಿ ಹಾಕಿಕೊಂಡು ಇಳಿಯುವುದು ಎಂದರೆ ಏನು ಎಂದು ನಮ್ಮಜ್ಜಿಯ ಹೊಸ್ತಿಲನ್ನು ನೆನೆದರೆ ಊಹಿಸಬಹುದು.

ಸಂದುಕ್ ರುಯಿತ್ ಹುಟ್ಟಿದ್ದು 1954ರಲ್ಲಿ, ನೇಪಾಳದ ಈಶಾನ್ಯ ಮೂಲೆಯ ತಾಪ್ಲೆಜುಂಗ್ ಜಿಲ್ಲೆಯಲ್ಲಿ, ಟಿಬೆಟ್ ಗಡಿಗೆ ಅಂಟಿಕೊಂಡ ಓಲಾಂಗ್‌ಚುಂಗ್ ಗೋಲಾ ಎಂಬ ಹಳ್ಳಿಯಲ್ಲಿ. ಊರಲ್ಲಿ ಶಾಲೆಯಿಲ್ಲ. ಅಪ್ಪ ಮಗನನ್ನು ದಿನಗಟ್ಟಲೆ ನಡೆಸಿಕೊಂಡು ಹೋಗಿ ಡಾರ್ಜಿಲಿಂಗಿನ ಶಾಲೆಗೆ ಸೇರಿಸಿದ. ಹದಿಹರೆಯದಲ್ಲಿ ತಂಗಿ ಕ್ಷಯರೋಗಕ್ಕೆ ಬಲಿಯಾದಳು. ಮದ್ದಿದ್ದ ರೋಗಕ್ಕೆ ಮದ್ದು ಸಿಗದೆ ಸತ್ತಳು ಎಂಬುದು ಅವರ ಮನಸ್ಸಿನಲ್ಲಿ ಕೂತಿತು. ಎಂಬಿಬಿಎಸ್ ಲಖನೌದಲ್ಲಿ, ನೇತ್ರವೈದ್ಯಕೀಯ ದೆಹಲಿಯ ಏಮ್ಸ್‌ನಲ್ಲಿ. ವೈದ್ಯಕೀಯ ಪದವಿಗಳೆರಡೂ ಭಾರತದಲ್ಲೇ ಆದದ್ದು.

ಫ್ರೆಡ್ ಹಾಲೋಸ್ ಬೇರೆಯೇ ಕುಲದ ಮನುಷ್ಯ. 1929ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ನೆಲೆಸಿದವನು. ಬಾಯಿ ಒರಟು, ಪರ್ವತಾರೋಹಣದ ಹುಚ್ಚು, ಒಂದು ಕಾಲಕ್ಕೆ ಕಮ್ಯುನಿಸ್ಟ್. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ಊರೂರು ಸುತ್ತಿ ಟ್ರಕೋಮ ಎಂಬ, ಕಣ್ಣು ಕಳೆಯುವ ಸೋಂಕುರೋಗದ ತಪಾಸಣೆ ನಡೆಸಿದ ದೊಡ್ಡ ಕಾರ್ಯಕ್ರಮದ ಮುಂದಾಳು ಅವನೇ. ಸಿರಿವಂತ ದೇಶದ ಒಳಗೇ ಬಡದೇಶದ ಕಣ್ಣುಗಳನ್ನು ಕಂಡಿದ್ದವನು. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಾರನಾಗಿ ನೇಪಾಳಕ್ಕೆ ಬಂದಾಗ ರುಯಿತ್ ಸಿಕ್ಕರು. ಮುಂದೆ ರುಯಿತ್ ಸಿಡ್ನಿಗೆ ಹೋಗಿ 14 ತಿಂಗಳು ಹಾಲೋಸ್ ಜೊತೆ ಕೆಲಸ ಮಾಡಿದರು.

ಅವರಿಬ್ಬರಿಗೂ ಒಂದೇ ಹಟ: ಸಿಡ್ನಿಯ ರೋಗಿಗೆ ಕಣ್ಣೊಳಗೆ ಮಸೂರ, ಹಿಮಾಲಯದ ರೋಗಿಗೆ ಮೂಗಿನ ಮೇಲೆ ಗಾಜು ಎಂಬ ಎರಡು ಪಂಕ್ತಿ ಯಾಕೆ?

ಈ ಪಂಕ್ತಿಭೇದಕ್ಕೆ ಸಮರ್ಥನೆ ಇರಲಿಲ್ಲವೆಂದಲ್ಲ. ಕಥೆ ಹೇಳುವವರು ಸಾಮಾನ್ಯವಾಗಿ ವಿರೋಧಿಸಿದವರನ್ನು ಮೂಢರಂತೆ ಚಿತ್ರಿಸುತ್ತಾರೆ, ನನಗೆ ಹಾಗನಿಸುವುದಿಲ್ಲ. ಧೂಳು ತುಂಬಿದ ಶಾಲೆಯ ಕೋಣೆಯಲ್ಲಿ ಕಣ್ಣಿನೊಳಗೆ ಹೊರವಸ್ತು ಇಟ್ಟು ಸೋಂಕಾದರೆ ಕಣ್ಣೇ ಹೋಗುತ್ತದೆ. ರೋಗಿ ನಾಲ್ಕು ದಿನದ ದಾರಿಯಾಚೆ ಇರುತ್ತಾನೆ, ಮತ್ತೆ ಬರುವುದಿಲ್ಲ. ಒಂದು ಕ್ಯಾಂಪಿನಲ್ಲಿ ಹತ್ತು ಕಣ್ಣು ಕೆಟ್ಟರೆ ಇಡೀ ಜಿಲ್ಲೆ ಆಪರೇಶನ್ ಅಂದರೆ ಓಡಿಹೋಗುತ್ತದೆ. ಒಬ್ಬರಿಗೆ ಮಸೂರ ಹಾಕುವ ದುಡ್ಡಿನಲ್ಲಿ ಎಷ್ಟೋ ಜನರಿಗೆ ಕನ್ನಡಕ ಕೊಡಬಹುದು. ಆಗಿನ ತಜ್ಞರ ಬಹುಮತವೂ ಈ ಕಡೆಗೇ ಇತ್ತು. ಈ ವಾದದಲ್ಲಿ ಒಂದು ಅಂಕಿಯನ್ನು ಮಾತ್ರ ಯಾರೂ ಪ್ರಶ್ನಿಸಿರಲಿಲ್ಲ. ಮಸೂರದ ಬೆಲೆ. ಅದು ನೂರು ಡಾಲರು ಎಂಬುದನ್ನು ಎಲ್ಲರೂ ಹವಾಮಾನದ ಹಾಗೆ ಒಪ್ಪಿಕೊಂಡಿದ್ದರು.

ಕಾರ್ಖಾನೆಯ ಯೋಚನೆ

ಬೆಲೆಯನ್ನು ಪ್ರಶ್ನಿಸುವ ಧೈರ್ಯ ಹಾಲೋಸ್‌ಗೆ ಬಂದದ್ದರಲ್ಲಿ ಆಫ್ರಿಕಾದ ಎರಿಟ್ರಿಯಾದ ಪಾಲು ದೊಡ್ಡದು. 1987ರಲ್ಲಿ ಅವನು ಅಲ್ಲಿಗೆ ಹೋದಾಗ ಇಥಿಯೋಪಿಯಾದ ವಿರುದ್ಧ ಸ್ವಾತಂತ್ರ್ಯದ ಹೋರಾಟ ನಡೆದಿತ್ತು. ಬಾಂಬ್ ದಾಳಿಗೆ ಹೆದರಿ ಹೋರಾಟಗಾರರು ಬೆಟ್ಟದ ಕಣಿವೆಯಲ್ಲಿ, ನೆಲದಡಿಯಲ್ಲಿ ಆಸ್ಪತ್ರೆ ನಡೆಸುತ್ತಿದ್ದರು. ತಮಗೆ ಬೇಕಾದ ಮಾತ್ರೆಗಳನ್ನೂ ಡ್ರಿಪ್ ದ್ರಾವಣವನ್ನೂ ತಾವೇ ತಯಾರಿಸಿಕೊಳ್ಳುತ್ತಿದ್ದರು. ಬಾಂಬು ಬೀಳುವ ಜಾಗದಲ್ಲಿ ರಕ್ತನಾಳಕ್ಕೆ ಸೇರಿಸುವ ದ್ರವ ತಯಾರಾಗುವುದಾದರೆ, ಕಣ್ಣಿಗೆ ಸೇರಿಸುವ ಪ್ಲಾಸ್ಟಿಕ್ಕಿನ ಬಿಲ್ಲೆ ಯಾಕಾಗಬಾರದು?

ಆ ಬಿಲ್ಲೆಯನ್ನು ಹತ್ತಿರದಿಂದ ನೋಡಿದರೆ ಬೆಲೆಯ ಗುಟ್ಟು ತಿಳಿಯುತ್ತದೆ. ಅಡ್ಡಳತೆ ಸುಮಾರು ಆರು ಮಿಲಿಮೀಟರ್, ಅಂಗಿಯ ಕಾಲರಿನ ಗುಂಡಿಗಿಂತ ಚಿಕ್ಕದು. ಎರಡು ಬದಿಗೆ ಜಿರಳೆ ಮೀಸೆಯ ಹಾಗೆ ಬಾಗಿದ ಎರಡು ಕಡ್ಡಿ, ಚೀಲದೊಳಗೆ ಒತ್ತಿಕೊಂಡು ನಿಲ್ಲಲಿಕ್ಕೆ. ಕಚ್ಚಾ ಪ್ಲಾಸ್ಟಿಕ್ಕಿಗೆ ಹೆಚ್ಚು ಖರ್ಚಿಲ್ಲ. ಅದನ್ನು ಲೇತ್‌ನಲ್ಲಿ ಕಡೆಯಬೇಕು, ಅಂಚು ಕೊರೆಯಬೇಕು, ಡಬ್ಬಿಯಲ್ಲಿ ಹಾಕಿ ಗಂಟೆಗಟ್ಟಲೆ ಉರುಳಿಸಿ ಹೊಳಪು ಕೊಡಬೇಕು, ತೊಳೆಯಬೇಕು, ಒಂದೊಂದನ್ನೂ ಸೂಕ್ಷ್ಮದರ್ಶಕದಡಿ ಇಟ್ಟು ಗೀರು ಹುಡುಕಬೇಕು, ಪವರ್ ಅಳೆಯಬೇಕು, ಅನಿಲದಲ್ಲಿ ಸೋಂಕು ತೆಗೆದು ಮುಚ್ಚಬೇಕು. ಇದೆಲ್ಲ ಧೂಳಿಲ್ಲದ ಕೋಣೆಯಲ್ಲಿ ನಡೆಯಬೇಕು. ಗೀರಿದ್ದ ಮಸೂರ ಹೊರಗೆ ಹೋಗುವಂತಿಲ್ಲ, ಹೋದರೆ ಇಡೀ ವಾದವೇ ಕುಸಿಯುತ್ತದೆ. ಬೆಲೆಯ ಬಹುಪಾಲು ಇದ್ದದ್ದು ಈ ಶಿಸ್ತಿನಲ್ಲಿ, ಬ್ರ್ಯಾಂಡಿನಲ್ಲಿ, ಸಿರಿವಂತ ಮಾರುಕಟ್ಟೆ ಕೊಡಬಲ್ಲೆ ಎಂದ ದರದಲ್ಲಿ. ಇವುಗಳಲ್ಲಿ ಕಠ್ಮಂಡುವಿನಲ್ಲಿ ಬೇಕಾದದ್ದು ಶಿಸ್ತು ಒಂದೇ.

ಹಾಲೋಸ್‌ಗೆ 1989ರಲ್ಲಿ ಮೂತ್ರಪಿಂಡದ ಕ್ಯಾನ್ಸರ್ ಎಂದು ಗೊತ್ತಾಯಿತು. ಅಲ್ಲಿಂದಾಚೆಗೆ ಅವನು ಮಾಡಿದ್ದೆಲ್ಲ ಗಡಿಯಾರ ನೋಡಿಕೊಂಡು ಮಾಡಿದ ಕೆಲಸ. 1992ರಲ್ಲಿ ಸಿಡ್ನಿಯ ತಮ್ಮ ಮನೆಯಲ್ಲಿ ಹೆಂಡತಿ ಗ್ಯಾಬಿ ಮತ್ತು ಗೆಳೆಯರ ಜೊತೆ ಕೂತು ‘ಫ್ರೆಡ್ ಹಾಲೋಸ್ ಫೌಂಡೇಶನ್’ ಕಟ್ಟಿದ. 300ಕ್ಕೂ ಹೆಚ್ಚು ವೈದ್ಯರಿಗೆ ತರಬೇತಿ ಕೊಡಿಸುತ್ತೇನೆ ಎಂದು ವಿಯೆಟ್ನಾಮಿಗೆ ಕೊಟ್ಟಿದ್ದ ಮಾತು ಉಳಿಸಿಕೊಳ್ಳಲು ಅದೇ ವರ್ಷ ಆಸ್ಪತ್ರೆಯಿಂದ ಎದ್ದು ಅಲ್ಲಿಗೆ ಹೋದ. 1993ರ ಫೆಬ್ರವರಿ 10ರಂದು ತೀರಿಕೊಂಡ. ಕಾರ್ಖಾನೆಗಳು ಬಾಗಿಲು ತೆರೆದಾಗ ಅವನಿರಲಿಲ್ಲ.

ಇತ್ತ ಕಠ್ಮಂಡುವಿನಲ್ಲಿ ರುಯಿತ್ ಮತ್ತು ಸಂಗಡಿಗರು 1992ರಲ್ಲಿ ‘ನೇಪಾಳ ಐ ಪ್ರೋಗ್ರಾಂ’ ಎಂಬ ಲಾಭರಹಿತ ಸಂಸ್ಥೆ ಕಟ್ಟಿಕೊಂಡಿದ್ದರು. ಪಶುಪತಿನಾಥ ದೇವಾಲಯದಿಂದ ಕೂಗಳತೆಯಲ್ಲಿ, ಬಾಗ್ಮತಿ ನದಿಯ ಬಳಿ, 1994ರ ಜೂನ್‌ನಲ್ಲಿ ತಿಲಗಂಗಾ ಕಣ್ಣಿನ ಕೇಂದ್ರ ತೆರೆಯಿತು. ಮಸೂರದ ಪ್ರಯೋಗಾಲಯ ಅದರೊಳಗೇ ಬಂತು. ಆಸ್ಟ್ರೇಲಿಯಾದ ಜನರ ದೇಣಿಗೆಯ ದುಡ್ಡು, ನ್ಯೂಜಿಲೆಂಡಿನ ರೇ ಅವೆರಿಯ ತಾಂತ್ರಿಕ ನೆರವು, ಕೆಲಸ ಮಾಡುವ ಕೈ ಮಾತ್ರ ನೇಪಾಳಿಗಳದ್ದು. ಎರಿಟ್ರಿಯಾದ ಅಸ್ಮಾರಾದಲ್ಲೂ ಅದೇ ಹೊತ್ತಿಗೆ ಇನ್ನೊಂದು ಪ್ರಯೋಗಾಲಯ ಶುರುವಾಯಿತು. ಮಸೂರದ ಬೆಲೆ ನೂರು ಡಾಲರಿನಿಂದ ಐದರ ಒಳಗೆ ಇಳಿಯಿತು.

ಇಲ್ಲಿ ಒಂದು ಮಾತು ಸೇರಿಸದಿದ್ದರೆ ಅನ್ಯಾಯವಾದೀತು. ಐದು ಡಾಲರಿನ ಕೀರ್ತಿಯನ್ನು ಪೂರ್ತಿ ತಿಲಗಂಗಾಕ್ಕೇ ಕಟ್ಟುವ ಬರಹಗಳು ಬೇಕಾದಷ್ಟಿವೆ. ಮದುರೈಯಲ್ಲಿ ಅರವಿಂದ ಕಣ್ಣಾಸ್ಪತ್ರೆಯವರು 1992ರಲ್ಲೇ ‘ಆರೋಲ್ಯಾಬ್’ ಶುರುಮಾಡಿ ಅಗ್ಗದ ಮಸೂರ ತಯಾರಿಸತೊಡಗಿದ್ದರು. ಅವರ ಬೆನ್ನಿಗಿದ್ದದ್ದು ಅಮೆರಿಕದ ಸೇವಾ ಫೌಂಡೇಶನ್. ಆ ಸಂಸ್ಥೆ 1978ರಲ್ಲಿ ಹುಟ್ಟಿದ ಮೇಲೆ ಮೊದಲು ಕೈ ಹಾಕಿದ್ದು ನೇಪಾಳದ ಅಂಧತ್ವ ನಿವಾರಣೆಗೇ. ಅಂದರೆ ಎರಡು ಕಾರ್ಖಾನೆಗಳ ಬೇರು ಒಂದೇ ಮಣ್ಣಿನಲ್ಲಿ ಎಲ್ಲೋ ತಾಗಿಕೊಂಡಿದೆ. ಬೆಲೆ ಇಳಿದು ಇಳಿದಲ್ಲೇ ನಿಂತದ್ದಕ್ಕೆ ಒಂದೇ ಊರಲ್ಲಲ್ಲ, ಎರಡು ಮೂರು ಊರಲ್ಲಿ ಒಟ್ಟಿಗೇ ಮಸೂರ ತಯಾರಾದದ್ದೇ ಮುಖ್ಯ ಕಾರಣ ಎಂದು ನನ್ನ ಅಂದಾಜು. ಒಬ್ಬನೇ ಅಂಗಡಿ ಇಟ್ಟಿದ್ದರೆ ಧರ್ಮದಂಗಡಿಯೂ ಒಂದು ದಿನ ದರ ಏರಿಸುತ್ತದೆ.

ಕಠ್ಮಂಡುವಿನಲ್ಲಿ ಧೂಳಿಲ್ಲದ ಕೋಣೆ ನಡೆಸುವುದು ಎಂದರೆ ತಮಾಷೆಯಲ್ಲ. 2008–09ರ ಚಳಿಗಾಲದಲ್ಲಿ ಅಲ್ಲಿ ದಿನಕ್ಕೆ 16 ಗಂಟೆ ಲೋಡ್‌ಶೆಡ್ಡಿಂಗ್ ಇತ್ತು. ಕರೆಂಟು ಹೋದರೆ ಲೇತ್ ನಿಲ್ಲುತ್ತದೆ, ಗಾಳಿ ಸೋಸುವ ಯಂತ್ರವೂ ನಿಲ್ಲುತ್ತದೆ, ಕೋಣೆಯ ಶುದ್ಧಿಯೂ ಹೋಗುತ್ತದೆ. ಇಂಥ ಊರಿನಲ್ಲಿ ತಯಾರಾದ ಮಸೂರ ಯುರೋಪಿನಲ್ಲಿ ಮಾರಲು ಅರ್ಹ ಎನ್ನುವ ಸಿಇ ಮುದ್ರೆ ಪಡೆದು ಹತ್ತಾರು ದೇಶಗಳಿಗೆ ಹೋಗುತ್ತಿದೆ. ದಾನವಾಗಿ ಬರುವ ಮಸೂರಕ್ಕೂ ಇದಕ್ಕೂ ಇನ್ನೊಂದು ವ್ಯತ್ಯಾಸವಿದೆ. ದಾನದ ಪೆಟ್ಟಿಗೆಯಲ್ಲಿ ಯಾವ ಪವರ್ ಬಂದಿದೆಯೋ ಅದನ್ನೇ ಹಾಕಬೇಕು. ಸ್ವಂತ ಕಾರ್ಖಾನೆ ಇದ್ದರೆ ಕಣ್ಣಿನ ಉದ್ದ ಅಳೆದು, ಆ ಕಣ್ಣಿಗೆ ಬೇಕಾದ್ದನ್ನೇ ಕಪಾಟಿನಿಂದ ತೆಗೆಯಬಹುದು.

ಟೇಬಲ್ಲಿನ ಮೇಲೆ

ಮಸೂರ ಅಗ್ಗವಾದರೆ ಸಾಲದು, ಅದನ್ನು ಕೂರಿಸುವ ಕೆಲಸವೂ ಅಗ್ಗವಾಗಬೇಕು. ಶ್ರೀಮಂತ ದೇಶಗಳು ಆ ಹೊತ್ತಿಗೆ ಅಲ್ಟ್ರಾಸೌಂಡಿನಿಂದ ಪೊರೆಯನ್ನು ಪುಡಿಮಾಡಿ ಹೀರುವ ಫೇಕೋ ಯಂತ್ರದತ್ತ ಹೊರಳಿದ್ದವು. ಯಂತ್ರ ದುಬಾರಿ, ಬಿಡಿಭಾಗ ದುಬಾರಿ, ಕಲ್ಲಿನಂತೆ ಗಟ್ಟಿಯಾದ ಹಿಮಾಲಯದ ಪೊರೆಗಳೆದುರು ಅದು ತಿಣುಕುತ್ತದೆ ಕೂಡ. ರುಯಿತ್ ಹಿಡಿದದ್ದು ಕೈಚಳಕದ ದಾರಿ. ಹೊಲಿಗೆ ಇಲ್ಲದ ಸಣ್ಣಗಾಯದ ಶಸ್ತ್ರಚಿಕಿತ್ಸೆ. ಇದು ಒಬ್ಬರೇ ಕಂಡುಹಿಡಿದದ್ದಲ್ಲ, ಬೇರೆ ಬೇರೆ ದೇಶಗಳ ಹಲವು ಕೈಗಳು ತಿದ್ದಿದ್ದು. ಅದನ್ನು ಕ್ಯಾಂಪಿಗೆ ಒಗ್ಗಿಸಿದ್ದು ರುಯಿತ್ ತಂಡ.

ಕಣ್ಣಿನ ಸುತ್ತ ಮರಗಟ್ಟಿಸುವ ಇಂಜೆಕ್ಷನ್. ಸೂಕ್ಷ್ಮದರ್ಶಕದ ಬೆಳಕಿನಡಿ ಕಣ್ಣಿನ ಬಿಳಿಭಾಗದಲ್ಲಿ ಆರೇಳು ಮಿಲಿಮೀಟರಿನ ಗೀಟು, ಅಲ್ಲಿಂದ ಒಳಗೆ ಓರೆಯಾಗಿ ಒಂದು ಸುರಂಗ. ಈ ಓರೆಯಲ್ಲೇ ಜಾಣತನವಿರುವುದು. ಕೆಲಸ ಮುಗಿದ ಮೇಲೆ ಕಣ್ಣಿನೊಳಗಿನ ಒತ್ತಡವೇ ಸುರಂಗದ ಎರಡು ಪದರಗಳನ್ನು ಒತ್ತಿ ಮುಚ್ಚುತ್ತದೆ, ಒಂದು ಹೊಲಿಗೆಯೂ ಬೇಕಿಲ್ಲ. ಮಸೂರದ ಚೀಲದ ಮುಂಭಾಗವನ್ನು ತ್ರಿಕೋನವಾಗಿ ಸೀಳಿ, ನೀರು ಹಾಯಿಸಿ ಗಟ್ಟಿ ತಿರುಳನ್ನು ಸಡಿಲಿಸಿ ಸುರಂಗದ ದಾರಿಯಲ್ಲಿ ಹೊರಗೆ ಜಾರಿಸುತ್ತಾರೆ. ಹುಣಿಸೆಹಣ್ಣಿನಿಂದ ಬೀಜ ಜಾರಿದಂತೆ ಅದು ಕಂದು ಬಣ್ಣದ ಗುಳಿಗೆಯಾಗಿ ಹೊರಬರುತ್ತದೆ. ಉಳಿದ ಮೆತ್ತನೆಯ ಭಾಗ ಹೀರಿ, ಖಾಲಿ ಚೀಲದೊಳಗೆ ಪ್ಲಾಸ್ಟಿಕ್ ಬಿಲ್ಲೆಯನ್ನು ಜಾರಿಸಿ, ಮೀಸೆಗಳು ಅಗಲಿಸಿ ಕೂತವೇ ಎಂದು ನೋಡಿ, ಔಷಧಿ ಹಾಕಿ ಪಟ್ಟಿ ಕಟ್ಟಿದರೆ ಮುಗಿಯಿತು. ಪಳಗಿದ ಕೈಗೆ ಹತ್ತು ನಿಮಿಷ ಸಾಕು. ಅಷ್ಟು ಹೊತ್ತಿಗೆ ಪಕ್ಕದ ಟೇಬಲ್ಲಿನಲ್ಲಿ ಮುಂದಿನ ರೋಗಿಯನ್ನು ಸಹಾಯಕರು ತಯಾರು ಮಾಡಿ ಮಲಗಿಸಿರುತ್ತಾರೆ. ಸರ್ಜನ್ ಕೈಗವಸು ಬದಲಿಸಿ ಆ ಕಡೆ ತಿರುಗಿದರಾಯಿತು. ರೋಗಿಯ ಕಣ್ಣು ಅಳೆಯುವವರು, ಇಂಜೆಕ್ಷನ್ ಕೊಡುವವರು, ಉಪಕರಣ ಕುದಿಸುವವರು ಎಲ್ಲ ಬೇರೆ. ಡಾಕ್ಟರೇ ಮಾಡಬೇಕಾದ ಕೆಲಸ ಮಾತ್ರ ಡಾಕ್ಟರಿಗೆ.

ಸೂಕ್ಷ್ಮದರ್ಶಕವನ್ನು ಬಿಚ್ಚಿ ಪೆಟ್ಟಿಗೆಗೆ ತುಂಬಿ, ಜನರೇಟರ್ ಸಮೇತ ಹೊರೆಯಾಳುಗಳ ಬೆನ್ನಿನ ಮೇಲೆ ಬೆಟ್ಟ ಹತ್ತಿಸುತ್ತಿದ್ದರು. ಶಾಲೆಯ ಕೋಣೆಯನ್ನು ತೊಳೆದು, ಕಿಟಕಿಗೆ ಬಟ್ಟೆ ಕಟ್ಟಿ ಅದನ್ನೇ ಥಿಯೇಟರ್ ಮಾಡುತ್ತಿದ್ದರು. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಸಾಲಾಗಿ ಕೂತವರ ಪಟ್ಟಿ ಬಿಚ್ಚುವ ದೃಶ್ಯ ದೇಣಿಗೆ ಕೇಳುವ ಎಲ್ಲ ಚಿತ್ರಗಳಲ್ಲೂ ಇದೆ, ನಾನು ಮತ್ತೆ ಬರೆಯುವುದಿಲ್ಲ.

ಅದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು 2007ರಲ್ಲಿ ಪ್ರಕಟವಾದ ಒಂದು ಹೋಲಿಕೆ. ನೇಪಾಳದಲ್ಲಿ 108 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದಕ್ಕೆ ಅಮೆರಿಕದ ನುರಿತ ಸರ್ಜನ್‌ನಿಂದ ಫೇಕೋ, ಇನ್ನೊಂದಕ್ಕೆ ರುಯಿತ್ ಅವರಿಂದ ಕೈಯ ವಿಧಾನ. ಆರು ತಿಂಗಳ ನಂತರ ಎರಡೂ ಗುಂಪಿನಲ್ಲಿ ಶೇ 98 ಮಂದಿಗೆ ತಕ್ಕ ಕನ್ನಡಕದೊಂದಿಗೆ ಒಳ್ಳೆಯ ದೃಷ್ಟಿ ಇತ್ತು. ಸರಾಸರಿ ಸಮಯ ಫೇಕೋಗೆ ಹದಿನೈದೂವರೆ ನಿಮಿಷ, ಕೈಗೆ 9 ನಿಮಿಷ. ಖರ್ಚಿನಲ್ಲೂ ಕೈಯದೇ ಮೇಲುಗೈ. ಎರಡು ಪಂಕ್ತಿ ಬೇಡ ಎಂದು ಇಪ್ಪತ್ತು ವರ್ಷ ಹಿಂದೆ ಹಿಡಿದ ಹಟಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ನುರಿತವರ ಕೈಯಲ್ಲಿ ಬಂದ ಫಲಿತಾಂಶ ಕಲಿಯುತ್ತಿರುವವರ ಕೈಯಲ್ಲೂ ಬರುತ್ತದೆಯೇ ಎಂಬ ಪ್ರಶ್ನೆಗೆ ಮಾತ್ರ ಈ ಅಧ್ಯಯನ ಉತ್ತರ ಕೊಡುವುದಿಲ್ಲ.

ದುಡ್ಡು ಎಲ್ಲಿಂದ

ಹೊರದೇಶದ ದಾನ ನಿಂತ ದಿನ ಬಾಗಿಲು ಮುಚ್ಚುವ ಆಸ್ಪತ್ರೆಗಳನ್ನು ನಾವೆಲ್ಲ ಕಂಡಿದ್ದೇವೆ. ಕಟ್ಟಡದ ಮುಂದೆ ದಾನಿಯ ಹೆಸರಿನ ಕಲ್ಲು ಇರುತ್ತದೆ, ಒಳಗೆ ಯಂತ್ರದ ಮೇಲೆ ಬೆಡ್‌ಶೀಟು ಮುಚ್ಚಿರುತ್ತದೆ. ತಿಲಗಂಗಾದಲ್ಲಿ ಹಾಗಾಗದ್ದಕ್ಕೆ ಕಾರಣ ಸರಳ. ಕೊಡಬಲ್ಲ ರೋಗಿ ಪೂರ್ತಿ ಕೊಡುತ್ತಾನೆ, ಕಡಿಮೆ ಇದ್ದವನು ಕಡಿಮೆ, ಇಲ್ಲದವನು ಏನೂ ಕೊಡುವುದಿಲ್ಲ. ಮೂವರಿಗೂ ಅದೇ ಸರ್ಜನ್‌ಗಳು. ಕಠ್ಮಂಡುವಿನ ಅನುಕೂಲಸ್ಥರು ದೆಹಲಿಗೆ ಹೋಗುವ ಬದಲು ಇಲ್ಲಿಗೇ ಬರಬೇಕಾದರೆ ಗುಣಮಟ್ಟ ದೆಹಲಿಯದೇ ಆಗಿರಬೇಕು. ಹಾಗಾಗಿ ಬಡವರಿಗೆ ಕಳಪೆ ಸೇವೆ ಕೊಟ್ಟು ಸಾಗಹಾಕುವ ದಾರಿ ಇಲ್ಲಿ ಲೆಕ್ಕದ ಪ್ರಕಾರವೂ ನಷ್ಟದ ದಾರಿ. ಮಸೂರದ ಮಾರಾಟದ ಆದಾಯವೂ ಇದೆ. ದೊಡ್ಡ ಕಟ್ಟಡ, ತರಬೇತಿ, ದೂರದ ಕ್ಯಾಂಪು ಇವಕ್ಕೆ ಈಗಲೂ ದಾನಿಗಳು ಬೇಕು. ಅಮೆರಿಕದ ಸರ್ಜನ್ ಜೆಫ್ ಟ್ಯಾಬಿನ್ ಜೊತೆ 1995ರಲ್ಲಿ ರುಯಿತ್ ಶುರುಮಾಡಿದ ‘ಹಿಮಾಲಯನ್ ಕ್ಯಾಟರ‍್ಯಾಕ್ಟ್ ಪ್ರಾಜೆಕ್ಟ್’ ಅಂಥ ಇನ್ನೊಂದು ಬೆನ್ನೆಲುಬು. ರುಯಿತ್‌ಗೆ 2006ರಲ್ಲಿ ಮ್ಯಾಗ್ಸೆಸೆ, 2018ರಲ್ಲಿ ನಮ್ಮ ಪದ್ಮಶ್ರೀ ಬಂದವು.

ಪಶುಪತಿಯ ಪಕ್ಕದಲ್ಲಿರುವುದರಿಂದ ಇನ್ನೊಂದು ಕೆಲಸವೂ ಸಾಧ್ಯವಾಯಿತು. ದೇವಾಲಯದ ಕೆಳಗಿನ ಆರ್ಯಘಾಟಿನಲ್ಲಿ ಹೆಣ ಸುಡುತ್ತಾರೆ. ತಿಲಗಂಗಾದ ಕಣ್ಣಿನ ಬ್ಯಾಂಕಿನವರು ಘಾಟಿನಲ್ಲೇ ನಿಂತು, ಚಿತೆಗೆ ಇಡುವ ಮೊದಲು ಮನೆಯವರನ್ನು ಮೆತ್ತಗೆ ಕೇಳುತ್ತಾರೆ. ಒಪ್ಪಿದರೆ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ತೆಗೆಯುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡಾಗುತ್ತಾರೆ ಎಂಬ ಅಂಜಿಕೆ ಅಲ್ಲೂ ಇದೆ, ಇಲ್ಲಿಯ ಹಾಗೇ. ಸಾವಿನ ಮನೆಯ ಮುಂದೆ ಹೋಗಿ ಆ ಪ್ರಶ್ನೆ ಕೇಳುವ ಸಿಬ್ಬಂದಿಯ ಕೆಲಸ ಶಸ್ತ್ರಚಿಕಿತ್ಸೆಗಿಂತ ಹಗುರವೆಂದು ನನಗನ್ನಿಸುವುದಿಲ್ಲ.

ಉಳಿದದ್ದು

ನೇಪಾಳದಲ್ಲಿ ಅಂಧತ್ವದ ಪ್ರಮಾಣ 1981ರ ಶೇ 0.84ರಿಂದ ಮೂವತ್ತು ವರ್ಷಗಳಲ್ಲಿ ಶೇ 0.35ರ ಆಸುಪಾಸಿಗೆ ಇಳಿಯಿತು ಎಂದು ಅಂದಾಜು. ಇದು ತಿಲಗಂಗಾ ಒಂದರ ಸಾಧನೆಯಲ್ಲ. 1978ರಲ್ಲಿ ಹುಟ್ಟಿದ ನೇಪಾಳ ನೇತ್ರ ಜ್ಯೋತಿ ಸಂಘ ದೇಶದ ಉದ್ದಗಲಕ್ಕೂ ಕಣ್ಣಾಸ್ಪತ್ರೆಗಳ ಸರಪಣಿ ಕಟ್ಟಿತು. 2018ರಲ್ಲಿ ಟ್ರಕೋಮ ನಿರ್ಮೂಲನೆಯಾದ ಆಗ್ನೇಯ ಏಷ್ಯಾ ವಲಯದ ಮೊದಲ ದೇಶ ನೇಪಾಳ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಅಂಥ ಕೆಲಸಕ್ಕೆ ಬೇಕಾದದ್ದು ಚಾಕುವಿಗಿಂತ ಹೆಚ್ಚಾಗಿ ಮಾತ್ರೆ, ನೀರು, ಮುಖ ತೊಳೆಯುವ ಅಭ್ಯಾಸ.

ಮಸೂರದ್ದೇ ಒಂದು ಬಾಕಿಯಿದೆ. ಹೊಸ ಮಸೂರ ಕೂರಿಸಲೆಂದು ಉಳಿಸಿದ ಚೀಲದ ಹಿಂಭಾಗ ಕೆಲವರಲ್ಲಿ ಒಂದೆರಡು ವರ್ಷಕ್ಕೆ ಮತ್ತೆ ಮಸುಕಾಗುತ್ತದೆ. ‘ತೆಗೆದ ಪೊರೆ ವಾಪಸ್ ಬಂತು’ ಎಂದು ಜನ ಅನ್ನುವುದು ಇದನ್ನೇ. ಲೇಸರಿನಿಂದ ಐದು ನಿಮಿಷದಲ್ಲಿ ಸರಿಹೋಗುವ ತೊಂದರೆ. ಆದರೆ ಲೇಸರ್ ಯಂತ್ರ ಆಸ್ಪತ್ರೆಯಲ್ಲಿರುತ್ತದೆ, ರೋಗಿ ಬೆಟ್ಟದಲ್ಲಿ. ಒಂದು ಸಲ ಬಂದುಹೋಗುವ ಕ್ಯಾಂಪಿನಿಂದ ಇದು ಬಗೆಹರಿಯುವುದಿಲ್ಲ. ಕ್ಯಾಂಪುಗಳ ಎಣಿಕೆಯನ್ನೇ ಹಿಗ್ಗಿಸಿ ಹೇಳುವ ದತ್ತಿಸಂಸ್ಥೆಗಳ ವರದಿಯಲ್ಲಿ ನಾನು ಮೊದಲು ಹುಡುಕುವುದು, ಎರಡು ವರ್ಷದ ಮೇಲೆ ಎಷ್ಟು ಜನರನ್ನು ಮತ್ತೆ ನೋಡಿದರು ಎಂಬ ಸಾಲನ್ನು. ಅದು ಸಿಗುವುದು ಅಪರೂಪ.

ಹೊರದೇಶದ ನೆರವು ಎಂದರೆ ಯಾವ ದಿಕ್ಕಿಗೆ ಹರಿಯುತ್ತದೆ ಎಂಬುದೂ ಇಲ್ಲಿ ತಲೆಕೆಳಗಾಗಿದೆ. ನೇಪಾಳದ ದಕ್ಷಿಣದ ಬಯಲುಸೀಮೆಯಾದ ತೆರಾಯಿಯ ಲಹಾನ್ ಎಂಬ ಊರಿನಲ್ಲಿ 1983ರಲ್ಲಿ ಶುರುವಾದ ಕಣ್ಣಾಸ್ಪತ್ರೆಯೊಂದಿದೆ. ಅಲ್ಲೂ ಹೊಲಿಗೆಯಿಲ್ಲದ ಕೈವಿಧಾನವೇ. ಪೊರೆಯ ತಿರುಳನ್ನು ಮೀನುಗಾಳದಂಥ ಕೊಕ್ಕೆಯಿಂದ ಎಳೆಯುವ ಬಗೆಯನ್ನು ಅಲ್ಲಿದ್ದ ಜರ್ಮನ್ ವೈದ್ಯ ಆಲ್ಬ್ರೆಕ್ಟ್ ಹೆನಿಗ್ ರೂಢಿಸಿದರು. ಆ ಆಸ್ಪತ್ರೆಗೆ ಬರುವ ರೋಗಿಗಳಲ್ಲಿ ಹೆಚ್ಚಿನವರು ಭಾರತೀಯರು, ಬಿಹಾರದ ರೈತ ಕುಟುಂಬದವರು. ಗಡಿ ದಾಟಿ ಬಡದೇಶಕ್ಕೆ ಹೋಗಿ ಕಣ್ಣು ಮಾಡಿಸಿಕೊಂಡು ಬರುತ್ತಾರೆ.

ಅವರು ಬರುವುದು ಬಹುಪಾಲು ಚಳಿಗಾಲದಲ್ಲಿ. ಸೆಕೆಯಲ್ಲಿ ಆಪರೇಶನ್ ಮಾಡಿಸಿದರೆ ಕಣ್ಣು ಕೀವಾಗುತ್ತದೆಂಬ ನಂಬಿಕೆ ಉತ್ತರದಲ್ಲೂ ಇದೆ, ನಮ್ಮಲ್ಲೂ ಇದೆ. ಹೊಲದ ಕೆಲಸದ ಲೆಕ್ಕವೂ ಇದೆ. ಗಂಡಸಿಗೆ ಪೊರೆ ಬಂದರೆ ಹೆಂಡತಿಯೋ ಮಗನೋ ಹೇಗೋ ಕರೆತರುತ್ತಾರೆ, ದುಡಿಯುವ ಕಣ್ಣಲ್ಲವೇ. 2020ರ ಅಂದಾಜಿನಂತೆ ಜಗತ್ತಿನಲ್ಲಿ 4.3 ಕೋಟಿ ಜನ ಅಂಧರು, ಅವರಲ್ಲಿ ಶೇ 55 ಹೆಂಗಸರು. ಹೆಂಗಸರು ಹೆಚ್ಚು ಕಾಲ ಬದುಕುವುದು ಒಂದು ಕಾರಣ, ಆಪರೇಶನ್ ಟೇಬಲ್ಲಿಗೆ ಕಡಿಮೆ ತಲುಪುವುದು ಇನ್ನೊಂದು. ಮಸೂರ ಐದು ಡಾಲರಿಗೆ ಇಳಿದರೂ, ಚಿಕಿತ್ಸೆ ಪುಕ್ಕಟೆಯಾದರೂ, ಬಸ್ಸಿನ ಚಾರ್ಜು ಇಬ್ಬರದ್ದು. ಮುದುಕಿಯ ಜೊತೆ ಬರಬೇಕಾದ ಸೊಸೆ ಎರಡು ದಿನ ಮನೆ ಬಿಟ್ಟರೆ ಎಮ್ಮೆ ಕರೆಯುವವರು ಯಾರು, ಮಕ್ಕಳಿಗೆ ಬೇಯಿಸಿಹಾಕುವವರು ಯಾರು. ‘ನನಗೇನು, ಒಲೆ ಮುಂದೆ ಕೂರೋಕೆ ಎಷ್ಟು ಕಣ್ಣು ಬೇಕು’ ಎಂದು ಮುದುಕಿಯೇ ಮಾತು ಮುಗಿಸುತ್ತಾಳೆ. ಸುಗ್ಗಿಯ ಎರಡು ತಿಂಗಳು ಗೋಡೆ ಹಿಡಿದು ನಡೆದ ನಮ್ಮಜ್ಜಿಯೂ ಯಾರನ್ನೂ ತಾಲ್ಲೂಕಿಗೆ ಕರೆದುಕೊಂಡು ಹೋಗಿ ಎಂದು ಕೇಳಿರಲಿಲ್ಲ.